ದುಪ್ಪಟ್ಟಿನ ಶುಕ್ರವಾರ

ವಿಮಾನದಲ್ಲೇ ಅರ್ಧ ಆಯಸ್ಸು ಕಳೆದ ಗಂಡಸಿನ ಹೆಂಡತಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ ಅಂದರೆ ಬೇರೆ ಊರಿನವರು ನಂಬಲಿಕ್ಕಿಲ್ಲ. ಕೊಂತಾಜೆಂ ಊರಿನ ನಮ್ಮ ಬೀದಿಯವರು ನಂಬುತ್ತಿದ್ದೆವು. ನಮಗೆ ಜೆನಿವಾಲ್ಡೊ ಗೊತ್ತಿದ್ದ.

ಆಸ್ಪತ್ರೆಗಳಲ್ಲಿ ಕಿಡ್ನಿ ಕೆಟ್ಟವರ ರಕ್ತ ತೊಳೆಯುವ ಡಯಾಲಿಸಿಸ್ ಯಂತ್ರ ಇರುತ್ತದಲ್ಲ, ಅದರ ರಿಪೇರಿ ಅವನ ಕೆಲಸ. ಯಂತ್ರಗಳು ಹತ್ತಿರದಲ್ಲೇ ಕೆಡುತ್ತವೆಯೇ? ಮಕಾಪಾದಲ್ಲಿ ಕೆಡುತ್ತಿದ್ದವು, ಬೊವಾ ವಿಸ್ತಾದಲ್ಲಿ ಕೆಡುತ್ತಿದ್ದವು, ಕಾಡಿನಾಚೆ ರಿಯೊ ಬ್ರಾಂಕೊದಲ್ಲಿ ಕೆಡುತ್ತಿದ್ದವು. ಸೋಮವಾರ ಪೆಟ್ಟಿಗೆ ಎಳೆದುಕೊಂಡು ಹೊರಟರೆ ವಾರದ ಕೊನೆಗೆ ಮುಖ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಟಿಕೆಟಿನ ದುಡ್ಡು ಕಂಪನಿಯದು, ಹಾರಿದ್ದಕ್ಕೆ ವಿಮಾನದವರು ಕೊಡುವ ಪಾಯಿಂಟು ಇವನದು. ಪಾಯಿಂಟು ಗುಡ್ಡೆ ಬಿದ್ದರೆ ಮುಂದೊಂದು ದಿನ ಬಿಟ್ಟಿ ಟಿಕೆಟು. ಆ ಗುಡ್ಡೆಯ ಮೇಲೆ ಅವನಿಗಿದ್ದಷ್ಟು ಪ್ರೀತಿ ಬೇರೆ ಯಾವುದರ ಮೇಲಾದರೂ ಇತ್ತೋ ಇಲ್ಲವೋ, ನಾನು ಹೇಳಲಾರೆ.

ಹಾರಿ ಗಳಿಸಿದ್ದು ಸಾಲದು ಅಂತ ಕ್ರೆಡಿಟ್ ಕಾರ್ಡು ಬೇರೆ. ಕಾರ್ಡಿನಲ್ಲಿ ಏನು ಕೊಂಡರೂ ಬ್ಯಾಂಕಿನವರ ಪಾಯಿಂಟು. ಹಾಗಾಗಿ ಬೀದಿಯಲ್ಲಿ ಯಾರು ಏನು ಕೊಳ್ಳಲಿ, ಜೊತೆಗೆ ಇವನು ಅಂಗಡಿಗೆ ಹೊರಟ. ಮುದುಕಿ ದೊನಾ ಪಲ್ಮೀರಾಳ ಫ್ರಿಜ್ಜು, ಟೈರಿನ ಅಂಗಡಿಯ ಬೆಲರ್ಮಿನೊ ಮನೆ ಕಟ್ಟಲು ತಂದ ಸಿಮೆಂಟು, ಚರ್ಚಿನ ಸ್ಪೀಕರು, ಎಲ್ಲವೂ ಇವನ ಕಾರ್ಡಿನಲ್ಲೇ, ಎಲ್ಲವೂ ಕಂತಿನಲ್ಲಿ. ಅವರು ತಿಂಗಳಿಗೊಮ್ಮೆ ಬಂದು ಕಂತಿನ ದುಡ್ಡು ಕೊಡುತ್ತಿದ್ದರು, ಇವನು ಕಾಫಿ ಕುಡಿಸಿ ಕಳಿಸುತ್ತಿದ್ದ. ಕಾರ್ಡಿನ ಮಿತಿ ಸದಾ ಕತ್ತಿನ ತನಕ ತುಂಬಿರುತ್ತಿತ್ತು. ಇರಲಿ ಬಿಡಿ, ಊರಿಗೆಲ್ಲ ಉಪಕಾರಿ ಅನ್ನಿಸಿಕೊಂಡ.

ಅವನ ಹೆಂಡತಿ ಲಿಂದೌರಾ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹುಟ್ಟಿದ ವರ್ಷವೇ ತಾಯಿ ಕಳೆದುಕೊಂಡವಳು. ಅಕ್ಕ ಜೊರಾಯ್ಡಿಗೆ ಆಗಿನ್ನೂ ಹನ್ನೆರಡೋ ಹದಿಮೂರೋ. ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಪಾವ್ ಜಿ ಕೇಜು ಅನ್ನುವ ಬಿಸಿ ಬಿಸಿ ಚೀಸಿನ ಬನ್ನು ಮಾರಿ ಸಾಕಿದಳು. ತಾನು ಮದುವೆಯಾಗಲಿಲ್ಲ, ತಂಗಿಗೆ ಮಾಡಿದಳು. ಆಮೇಲೆ ಕೈಯಲ್ಲಿ ಇದ್ದಬದ್ದದ್ದು ಹಾಕಿ ಪೋರ್ಚುಗಲ್ಲಿಗೆ ಹೋಗಿ ಸೆತೂಬಲ್‌ನಲ್ಲಿ ಎರ್ಮೀನಿಯಾ ಅನ್ನುವ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ವಾರದಲ್ಲಿ ಏಳು ದಿನವೂ ಕೆಲಸ, ರಜೆ ಅನ್ನುವ ಮಾತೇ ಇಲ್ಲ. ಅವಳು ಬರುವಂತಿರಲಿಲ್ಲ, ಹಾಗಾಗಿ ಇವಳು ಹೋಗಬೇಕಿತ್ತು. ಲಿಂದೌರಾಳ ಬದುಕಿನಲ್ಲಿ ಬೇಕು ಅಂತ ಇದ್ದದ್ದು ಅದೊಂದೇ.

"ಹೋಗೋಣ, ಹೋಗೋಣ," ಅನ್ನುತ್ತಿದ್ದ ಜೆನಿವಾಲ್ಡೊ. "ಆದ್ರೆ ಆ ಹಿಂದಿನ ಸೀಟಲ್ಲಿ ಕೋಳಿ ಬುಟ್ಟೀಲಿ ಕೂತ ಹಾಗೆ ಅಲ್ಲ. ಮುಂದೆ, ಮಲಗಿಕೊಂಡು ಹೋಗೋ ಸೀಟಲ್ಲಿ. ನಿನ್ನ ಕಾಲು ಹೇಗೆ ಊದತ್ತೆ ನೋಡು. ರಾಣಿ ಹಾಗೆ ಕರ್ಕೊಂಡು ಹೋಗ್ತೀನಿ."

"ನನಗೆ ರಾಣಿ ಆಗೋದು ಬೇಡ. ಅಕ್ಕನ್ನ ನೋಡ್ಬೇಕು."

"ಬೇಯೋವರೆಗೂ ಕಾದೋರು ಆರೋವರೆಗೂ ಕಾಯ್ಬೇಕು ಕಣೆ."

"ಆರಿ ತಂಗಳಾಯ್ತು," ಅನ್ನುತ್ತಿದ್ದಳು ಅವಳು, ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದಳು.

ಅವನ ಲೆಕ್ಕ ಸುಳ್ಳೇನಲ್ಲ. ಹಿಂದಿನ ಸೀಟಿಗೆ ಪಾಯಿಂಟು ಖರ್ಚು ಮಾಡುವುದು ದಡ್ಡತನ, ಮುಂದಿನ ಸೀಟಿಗೆ ಮಾಡಿದರೆ ಒಂದೊಂದು ಪಾಯಿಂಟಿಗೂ ಚಿನ್ನದ ಬೆಲೆ, ಅಂತ ಪಾಯಿಂಟು ಕೂಡಿಸುವವರೆಲ್ಲ ಒಪ್ಪಿದ ಮಾತು. ಹತ್ತಿರದ ಊರಿಗೆ ಪಾಯಿಂಟು ಸುಡುವುದಂತೂ ಅವರಲ್ಲಿ ಮಹಾಪಾಪ. ಆ ಪಾಪಕ್ಕೆ ಹೆದರಿಯೇ ಲಿಂದೌರಾಳ ಸೋದರಮಾವ ಬಹಿಯಾದಲ್ಲಿ ತೀರಿಕೊಂಡಾಗ ಇವನು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಬಸ್ಸು ಕೆಟ್ಟಿತು. ತಲುಪುವ ಹೊತ್ತಿಗೆ ಮಣ್ಣು ಮುಚ್ಚಿ ಎಲ್ಲರೂ ಊಟಕ್ಕೆ ಕೂತಿದ್ದರು. ಡಿಸೆಂಬರಿನಲ್ಲಿ ಮಾತ್ರ ಅವನ ತರ್ಕ ಉಲ್ಟಾ. ವರ್ಷದಲ್ಲಿ ಇಷ್ಟು ಅಂತ ಹಾರದಿದ್ದರೆ ವಿಮಾನದವರು ತಾವು ಕೊಟ್ಟ ಬಂಗಾರದ ಕಾರ್ಡು ಕಿತ್ತುಕೊಳ್ಳುತ್ತಾರೆ ಅಂತ, ಹೆಂಡತಿಯ ಹುಟ್ಟಿದ ಹಬ್ಬದ ದಿನ ಸ್ವಂತ ದುಡ್ಡಿನಲ್ಲಿ ಕುಯಬಾಗೆ ಹಾರಿ, ಅಲ್ಲಿ ಒಂದು ಕಾಫಿ ಕುಡಿದು, ಅದೇ ವಿಮಾನದಲ್ಲಿ ವಾಪಸು ಬಂದ ಮನುಷ್ಯ ಇವನು. ಕೇಕು ತಂದಿದ್ದ, ಇಲ್ಲ ಅನ್ನಬಾರದು. ವಿಮಾನ ನಿಲ್ದಾಣದ ಕೇಕು.

ಲಿಂದೌರಾಳ ಪಾಸ್‌ಪೋರ್ಟು ಮಾಡಿಸಿ ಇಟ್ಟಿದ್ದರು. ಒಂದು ಮುದ್ರೆಯೂ ಬೀಳದೆ ಅದರ ಅವಧಿ ಮುಗಿಯಿತು. ಇನ್ನೊಂದು ಮಾಡಿಸಿದರು. ಹೊಸದರಲ್ಲಿ ಅವಳ ಕೂದಲು ಬೆಳ್ಳಗಾಗಿತ್ತು, ಅಷ್ಟೇ ವ್ಯತ್ಯಾಸ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಜೊರಾಯ್ಡಿಯ ಧ್ವನಿ ಫೋನಿಗೆ ಬಂತು. ಅಕ್ಕ ತಂಗಿ ದಿನವೂ ಹೀಗೆ ಧ್ವನಿ ಕಳಿಸಿಕೊಳ್ಳುವುದು ರೂಢಿ. ಇವಳು ಮಿಷನ್ ತುಳಿಯುತ್ತಾ ಕೇಳುತ್ತಿದ್ದಳು, ಅವಳು ಮುದುಕಿಗೆ ಸೂಪು ಮಾಡುತ್ತಾ ಮಾತಾಡುತ್ತಿದ್ದಳು. ಅವತ್ತು ಹಿಂದೆ ಪಾತ್ರೆಯ ಸದ್ದಿರಲಿಲ್ಲ.

"ಲಿಂದಾ, ಹೆದರ್ಕೋಬೇಡ ಪುಟ್ಟಿ. ಹೊಟ್ಟೆ ನೋವು ಅಂತಿದ್ನಲ್ಲ, ಅದು ಬರೀ ಹೊಟ್ಟೆ ನೋವಲ್ವಂತೆ. ಕೊಯ್ದು ನೋಡಿ ಹಾಗೇ ಹೊಲಿದುಬಿಟ್ರು. ಡಾಕ್ಟ್ರು ಒಳ್ಳೆಯವ್ರು, ನೆಟ್ಟಗೆ ಹೇಳಿದ್ರು, ಮನೇವ್ರನ್ನ ಕರೆಸ್ಕೊಳ್ಳಿ ಅಂತ. ನನಗೆ ಮನೇವ್ರು ಅಂದ್ರೆ ನೀನೊಬ್ಳೇ ಅಲ್ವಾ. ಬರೋವಾಗ ಒಂದು ತುಂಡು ಗೋಯಬಾದ ತಗೊಂಡ್ ಬಾ. ಇಲ್ಲಿ ಸಿಗತ್ತೆ, ಆದ್ರೆ ನಮ್ಮ ಸೀಬೆಹಣ್ಣಿನ ರುಚಿ ಇಲ್ಲ."

ಲಿಂದೌರಾ ಅಳಲಿಲ್ಲ. ಫೋನು ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಗಂಡನ ಎದುರು ಇಟ್ಟಳು. ಅವನು ಕೇಳಿದ, ಕಣ್ಣೊರೆಸಿಕೊಂಡ. ಅವನೇನು ಕಲ್ಲಲ್ಲ.

"ಇವತ್ತೇ ಟಿಕೆಟ್ ಮಾಡು," ಅಂದಳು. "ಹಿಂದಿನ ಸೀಟೋ, ರೆಕ್ಕೆ ಮೇಲೋ, ಎಲ್ಲಾದ್ರೂ ಸರಿ."

ಮಾಡಬಹುದಿತ್ತು. ಆ ಹೊತ್ತು ಅವನ ಹತ್ತಿರ ಇಬ್ಬರೂ ಹೋಗಿ ಬರುವಷ್ಟು ಇತ್ತು, ಹಿಂದಿನ ಸೀಟಿನಲ್ಲಿ. ಆದರೆ ಬಹುಪಾಲು ಬ್ಯಾಂಕಿನ ಪಾಯಿಂಟು. ಅದನ್ನು ವಿಮಾನದವರ ಖಾತೆಗೆ ಕಳಿಸಬೇಕು, ಒಂದು ಸಲ ಕಳಿಸಿದರೆ ಹಿಂದಕ್ಕೆ ಬರುವುದಿಲ್ಲ. ಕೆಲವು ಶುಕ್ರವಾರ ಬ್ಯಾಂಕಿನವರೂ ವಿಮಾನದವರೂ ಸೇರಿ ಒಂದು ಹಬ್ಬ ಮಾಡುತ್ತಾರೆ. ಅವತ್ತು ಕಳಿಸಿದರೆ ಒಂದಕ್ಕೆ ಎರಡು. ಬರುವ ಶುಕ್ರವಾರ ಅಂಥದ್ದೇ ದಿನ ಅಂತ ಪಾಯಿಂಟಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಎದ್ದಿತ್ತು. ಆ ಗುಂಪಿನವರಿಗೆ ದುಪ್ಪಟ್ಟಿನ ಶುಕ್ರವಾರ ಬಿಟ್ಟು ಬೇರೆ ದಿನ ಪಾಯಿಂಟು ಕಳಿಸುವುದು ಅಂದರೆ ಈಸ್ಟರಿನ ಮೀನನ್ನು ಈಸ್ಟರ್ ಮುಗಿದ ಮೇಲೆ ತಂದ ಹಾಗೆ, ಜನ ನಗುತ್ತಾರೆ.

"ಶುಕ್ರವಾರದವರೆಗೆ ತಡಿ," ಅಂದ ಜೆನಿವಾಲ್ಡೊ. ಅವಳ ಕೈ ಹಿಡಿದುಕೊಂಡೇ ಅಂದ. "ಅಲ್ಲಾ ಲಿಂದಾ, ಈ ಕಾಲು ಇಟ್ಕೊಂಡು ಹತ್ತು ಗಂಟೆ ಹೇಗೆ ಕೂರ್ತೀಯ? ದುಪ್ಪಟ್ಟಾದ್ರೆ ಇಬ್ರೂ ಮಲಗಿಕೊಂಡೇ ಹೋಗ್ತೀವಿ. ಇಷ್ಟು ವರ್ಷ ತಡೆದಿದೀವಿ, ಇನ್ನು ನಾಕು ದಿನ."

"ನಾಕು ದಿನ ಅಕ್ಕನ ಹತ್ರ ಇದೆಯಾ?"

"ಅಯ್ಯೋ, ಡಾಕ್ಟ್ರು ಅಷ್ಟು ಬೇಗ ಅಂತ ಎಲ್ಲಿ ಹೇಳಿದಾರೆ?"

ಅವಳು ಅವನನ್ನು ನೋಡಿದ ರೀತಿ ಅವನಿಗೆ ಆಮೇಲೆ ಬಹಳ ಸಲ ನೆನಪಾಯಿತು. ಬೈಯಲಿಲ್ಲ. ಬೈಯುವುದಕ್ಕೂ ಒಂದು ನಂಬಿಕೆ ಬೇಕಾಗುತ್ತದೆ.

ಶುಕ್ರವಾರ ಬಂತು, ಒಂದಕ್ಕೆರಡೂ ಆಯಿತು. ಜೆನಿವಾಲ್ಡೊ ಎಲ್ಲವನ್ನೂ ಕಳಿಸಿದ, ಒಂದು ಪಾಯಿಂಟೂ ಉಳಿಸಿಕೊಳ್ಳಲಿಲ್ಲ. ಅಂಗಳದಲ್ಲಿ ನಿಂತು ಬೆಲರ್ಮಿನೊಗೆ ಫೋನು ತೋರಿಸಿದ. "ನೋಡಯ್ಯಾ, ನಿನ್ನ ಸಿಮೆಂಟೂ ಇದರಲ್ಲಿದೆ." ದುಪ್ಪಟ್ಟಾದದ್ದು ಖಾತೆಗೆ ಬಂದು ಕೂರಲು ಶನಿವಾರ, ಭಾನುವಾರ ಹಿಡಿಯಿತು. ಸೋಮವಾರ ಸೀಟು ಹಿಡಿಯುವುದು ಅಂತ ತೀರ್ಮಾನ. ಲಿಂದೌರಾ ಸೀಬೆಹಣ್ಣಿಗೆ ಸಕ್ಕರೆ ಹಾಕಿ ಗೋಯಬಾದ ಕಾಯಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿಟ್ಟಳು.

ಸೋಮವಾರ ಅವನು ಮಕಾಪಾದಲ್ಲಿದ್ದ. ಆಸ್ಪತ್ರೆಯಲ್ಲಿ ಮೂರು ಯಂತ್ರ ಒಟ್ಟಿಗೆ ಕೆಟ್ಟಿದ್ದವು, ಹೋಗದೆ ವಿಧಿಯಿರಲಿಲ್ಲ. ಕೈಯ ಗ್ಲೌಸು ತೆಗೆದು ಕಾರಿಡಾರಿನಲ್ಲಿ ಕೂತು ಫೋನು ತೆರೆದ. ಮೊದಲು ಕಂಡದ್ದು ಒಂದು ಚೆಂದದ ಚಿತ್ರ, ನಗುವ ಹುಡುಗಿ, ಕೆಳಗೆ ಬರಹ: ನಮ್ಮ ಯೋಜನೆ ಇನ್ನೂ ಸರಳವಾಗಿದೆ, ಇನ್ನು ಮೇಲೆ ಪಾಯಿಂಟಿನ ಬೆಲೆ ಬೇಡಿಕೆಗೆ ತಕ್ಕ ಹಾಗೆ. ಹಳೆಯ ಪಟ್ಟಿ ಮಾಯ. ಅವನು ಲಿಸ್ಬನ್ ಅಂತ ಒತ್ತಿದ, ಮಲಗುವ ಸೀಟು ಇಬ್ಬರಿಗೆ ಅಂತ ಒತ್ತಿದ. ಬಂದ ಅಂಕಿ ಫೋನಿನ ಅಗಲಕ್ಕೆ ಹಿಡಿಸದೆ ಎರಡು ಸಾಲಾಗಿ ಮುರಿದುಕೊಂಡಿತ್ತು.

ತಪ್ಪು ಒತ್ತಿದೆನೇನೋ ಅಂತ ಮತ್ತೆ ಒತ್ತಿದ. ಹಿಂದಿನ ಸೀಟು ಇಬ್ಬರಿಗೆ ಅಂತ ಒತ್ತಿದ. ಅದೂ ಇಲ್ಲ. ಹಿಂದಿನ ಸೀಟು ಒಬ್ಬರಿಗೆ, ಹೋಗಿ ಬರುವುದು. ಅದೂ ಮೀರಿತ್ತು. ಎದುರಿನ ಕೋಣೆಯಲ್ಲಿ ಅವನು ಆಗ ತಾನೇ ಸರಿಮಾಡಿದ ಯಂತ್ರಕ್ಕೆ ಒಬ್ಬಳು ಹೆಂಗಸನ್ನು ಜೋಡಿಸಿದ್ದರು. ಅವಳು ಇವನನ್ನು ನೋಡಿ, "ಏನಣ್ಣಾ, ಮತ್ತೆ ಕೆಟ್ಟೋಯ್ತಾ?" ಅಂದಳು. ಇವನು, "ಇಲ್ಲಕ್ಕಾ, ಅದು ಚೆನ್ನಾಗಿದೆ," ಅಂದ.

ಗುಂಪಿನ ಹಿರಿಯ ಅಬೆಲಾರ್ದೊಗೆ ಫೋನು ಮಾಡಿದ. ಶುಕ್ರವಾರದ ಸುದ್ದಿ ಮೊದಲು ಎಬ್ಬಿಸಿದವನು ಅವನೇ.

"ಪಾಯಿಂಟು ಅಂದ್ರೆ ಐಸ್‌ಕ್ರೀಮು ಕಣಯ್ಯಾ," ಅಂದ ಅಬೆಲಾರ್ದೊ. "ಕೈಯಲ್ಲಿ ಇಟ್ಕೊಂಡ್ರೆ ಕರಗತ್ತೆ. ನಾನು ಯಾವಾಗ್ಲೂ ಹೇಳ್ತಿರ್ಲಿಲ್ವಾ?"

"ನೀನು ಹೇಳಿದ್ದು ಶುಕ್ರವಾರದವರೆಗೆ ಕಾಯಿ ಅಂತ."

"ಶುಕ್ರವಾರ ದುಪ್ಪಟ್ಟು ಕೊಟ್ರೋ ಇಲ್ವೋ? ಆಮೇಲಿಂದು ನನಗೇನ್ ಗೊತ್ತು? ಈಗ ಗುಂಪಿನಲ್ಲಿ ಎಲ್ರೂ ಕೋರ್ಟಿಗೆ ಹೋಗೋಣ ಅಂತಿದಾರೆ. ನಿನ್ನ ಹೆಸರೂ ಸೇರಿಸ್ಲಾ? ಎರಡು ಮೂರು ವರ್ಷದಲ್ಲಿ ಏನಾದ್ರೂ ಬರಬಹುದು."

ಜೆನಿವಾಲ್ಡೊ ಫೋನು ಇಟ್ಟ. ಮರುದಿನ ವಾಪಸು ಬರುವಾಗ ವಿಮಾನದ ಬಾಗಿಲಲ್ಲಿ ನಿಂತಿದ್ದ ಹುಡುಗಿ ಬಂಗಾರದ ಕಾರ್ಡು ನೋಡಿ ಅವನನ್ನು ಮುಂದಿನ ಸಾಲಿಗೆ ಕಳಿಸಿದಳು, ಬಿಟ್ಟಿಯಾಗಿ. ಕಾಲು ಚಾಚಲು ಬೇಕಾದಷ್ಟು ಜಾಗ. ಹಾಳಾದ ಜಾಗ. ಗೋಡಂಬಿ ತಂದುಕೊಟ್ಟರು, ಮುಟ್ಟಲಿಲ್ಲ.

ನಮ್ಮೂರ ಹತ್ತಿರದ ಕೊನ್ಫಿನ್ಸ್ ನಿಲ್ದಾಣದಲ್ಲಿ ಇಳಿದವನು ಮನೆಗೆ ಹೋಗದೆ ನೇರ ಕೌಂಟರಿಗೆ ಹೋದ. ಅಲ್ಲಿನವರೆಲ್ಲ ಅವನ ಹೆಸರು ಬಲ್ಲವರು, ಮಗು ಹುಟ್ಟಿದರೆ ಫೋಟೊ ತೋರಿಸುವಷ್ಟು ಸಲಿಗೆ. "ಎಂಥದಾದ್ರೂ ದಾರಿ ಇದ್ರೆ ಹೇಳಮ್ಮಾ, ಹೆಂಡ್ತಿ ಅಕ್ಕ ಸಾಯ್ತಿದಾಳೆ," ಅಂದ. ಹುಡುಗಿ ನಿಜವಾಗಿಯೂ ಹುಡುಕಿದಳು, ಮೇಲಿನವರನ್ನು ಕೇಳಿದಳು, ಕೊನೆಗೆ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ನೋಡುತ್ತಿದ್ದ ಹಾಗೇ ಬೆಲೆ ಇನ್ನಷ್ಟು ಏರಿತು. "ಯಾರೋ ಈಗ ತಗೊಂಡ್ರು ಅನ್ಸತ್ತೆ," ಅಂದಳು ಹುಡುಗಿ, ತಾನೇ ತಪ್ಪು ಮಾಡಿದವಳ ಹಾಗೆ.

ದುಡ್ಡು ಕೊಟ್ಟು ಕೊಂಡರಾಯಿತಲ್ಲ ಅನ್ನುತ್ತೀರಿ. ಎಲ್ಲಿಂದ? ಕಾರ್ಡಿನ ತುಂಬ ಫ್ರಿಜ್ಜು, ಸಿಮೆಂಟು, ಚರ್ಚಿನ ಸ್ಪೀಕರು ಕೂತಿದ್ದವು. ಬ್ಯಾಂಕಿನ ಸಾಲ ಮನೆಯ ಮೇಲೆ ಮೊದಲೇ ಇತ್ತು. ಹಳೇ ಕಾರು ಎರಡು ದಿನದಲ್ಲಿ ಮಾರಿಹೋಗುವಂಥದ್ದಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಇವನು ಬೆಣ್ಣೆಯನ್ನೂ ಊರಿಗೆ ಹಂಚಿ ಕೂತಿದ್ದ. ಬುಧವಾರ ಮನೆ ಮನೆಗೆ ಹೊರಟ, ಉಳಿದ ಕಂತೆಲ್ಲ ಒಂದೇ ಸಲ ಕೊಟ್ಟುಬಿಡಿ ಅಂತ ಕೇಳಲು. ಬೆಲರ್ಮಿನೊ ಅರ್ಧ ಕಟ್ಟಿದ ಗೋಡೆ ತೋರಿಸಿದ. ಪಾದ್ರಿಗಳು ಪ್ರಾರ್ಥನೆ ಮಾಡುತ್ತೇನೆ ಅಂದರು.

ದೊನಾ ಪಲ್ಮೀರಾ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು.

"ತಿಂಗಳು ತಿಂಗಳು ಕೊಟ್ರೆ ಸಾಕು, ಇದು ನನಗೇ ಉಪಕಾರ ಅಂದೋನು ಯಾರಪ್ಪ? ಬೇಕಿದ್ರೆ ಫ್ರಿಜ್ಜು ಹೊತ್ಕೊಂಡ್ ಹೋಗು. ಒಳಗಿರೋ ಮಾಂಸ ತೆಗೆದುಕೊಡ್ತೀನಿ."

"ಫ್ರಿಜ್ಜು ತಗೊಂಡು ನಾನೇನ್ ಮಾಡ್ಲಿ ದೊನಾ ಪಲ್ಮೀರಾ. ಲಿಂದೌರಾನ ಅಕ್ಕ..."

"ಗೊತ್ತು. ಹೋದ ವಾರ ಸೋಮವಾರ ಇಲ್ಲೇ ಈ ಸ್ಟೂಲಿನ ಮೇಲೆ ಕೂತು ಅತ್ತು ಹೋದ್ಳು. ನಿನ್ನೆದುರು ಅಳಲಿಲ್ವಾ? ನಿನ್ನೆದುರು ಯಾಕೆ ಅಳ್ತಾಳೆ, ಅತ್ರೆ ಅದಕ್ಕೂ ಪಾಯಿಂಟು ಬರತ್ತಾ ಅಂತ ನೋಡ್ತೀಯ ನೀನು."

ಮುದುಕಿ ಒಳಗೆ ಹೋಗಿ ಒಂದು ಡಬ್ಬಿ ತಂದು, ಅದರಲ್ಲಿದ್ದ ನೋಟೆಲ್ಲ ಅವನ ಅಂಗಿ ಜೇಬಿಗೆ ತುರುಕಿದಳು. ಟಿಕೆಟಿಗೆ ಸಾಲುವಂಥದ್ದಲ್ಲ. "ಅವಳ ಕೈಗೆ ಕೊಡು," ಅಂದಳು. "ದಾರೀಲಿ ಊಟಕ್ಕೆ."

ಅಷ್ಟೂ ವರ್ಷದ ಗಳಿಕೆ, ಅಷ್ಟೂ ಸೋಮವಾರಗಳು, ದುಪ್ಪಟ್ಟಾದದ್ದೂ ಸೇರಿ ಕೊನೆಗೆ ಬಂದದ್ದು ಒಂದು ಟಿಕೆಟು. ಒಬ್ಬರಿಗೆ. ಹಿಂದಿನ ಸಾಲಿನಲ್ಲಿ, ನಡುವಿನ ಸೀಟು, ರೆಸಿಫೆಯಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಹೋಗುವುದಕ್ಕೆ ಮಾತ್ರ, ಬರುವುದಕ್ಕಿಲ್ಲ. ಶನಿವಾರ ಬಿಟ್ಟರೆ ಬೇರೆ ದಿನವೂ ಇಲ್ಲ. ಅವನು ಅದನ್ನು ಕೊಂಡ, ಅಡುಗೆಮನೆಗೆ ಹೋಗಿ ಹೇಳಿದ. ಹೇಳುವಾಗ ಅವಳ ಮುಖ ನೋಡಲಾಗದೆ ಒಲೆಯ ಮೇಲಿದ್ದ ಕಾಳಿನ ಪಾತ್ರೆ ನೋಡುತ್ತಿದ್ದ.

"ನಾನೊಬ್ಳೇ?" ಅಂದಳು.

"ಒಬ್ಳೇ."

"ವಿಮಾನದಲ್ಲಿ."

"ನಾನು ಎಲ್ಲಾ ಹೇಳ್ಕೊಡ್ತೀನಿ. ಬರೋ ಟಿಕೆಟು ಹೇಗಾದ್ರೂ ಮಾಡಿ..."

"ಬರೋದಕ್ಕೆ ಈಗ ಯಾರಿಗೆ ಆತುರ?" ಅಂದಳು ಲಿಂದೌರಾ. ಕಾಳು ಸೀಯುವ ವಾಸನೆ ಬಂದಿತ್ತು, ಅವಳು ಒಲೆ ಆರಿಸಿದಳು.

ಶನಿವಾರ ಬೆಳಿಗ್ಗೆ ನಿಲ್ದಾಣದಲ್ಲಿ ಅವನು ಉಸಿರು ಬಿಡದೆ ಹೇಳುತ್ತಲೇ ಇದ್ದ. ಬೆಲ್ಟು ಹೀಗೆ ಹಾಕ್ಕೋ. ಕಿವಿ ಕಟ್ಟಿದರೆ ಉಗುಳು ನುಂಗು. ರೆಸಿಫೆಯಲ್ಲಿ ಇಳಿದು ಎಡಕ್ಕೆ ಹೋಗು, ಬಲಕ್ಕೆ ಹೋದರೆ ಹೊರಗೆ ಬಿಟ್ಟುಬಿಡ್ತಾರೆ. ಲಿಸ್ಬನ್‌ನಲ್ಲಿ ವಾಪಸು ಟಿಕೆಟು ಎಲ್ಲಿ ಅಂತ ಕೇಳಿದರೆ ಅಕ್ಕನ ಆಸ್ಪತ್ರೆಯವರು ಕಳಿಸಿದ ಕಾಗದ ತೋರಿಸು, ಹೆದರಬೇಡ. ಲಿಂದೌರಾ ಗೋಯಬಾದದ ಗಂಟನ್ನು ಎದೆಗೆ ಅವಚಿಕೊಂಡು ತಲೆ ಆಡಿಸುತ್ತಿದ್ದಳು. ಬೇಗ ಹತ್ತುವವರ ಸಾಲು ಒಂದಿತ್ತು, ಬಂಗಾರದ ಕಾರ್ಡಿನವರಿಗೆ. ಅವಳ ಹತ್ತಿರ ಕಾರ್ಡಿರಲಿಲ್ಲ. ತಪಾಸಣೆಯ ಬಾಗಿಲ ತನಕ ಅವನು ಬರಬಹುದಿತ್ತು, ಅಲ್ಲಿಂದಾಚೆ ಇಲ್ಲ. ಆ ಬಾಗಿಲು ದಾಟಿ ಎಷ್ಟೋ ಸಲ ಹಿಂತಿರುಗಿ ನೋಡದೆ ಹೋದವನು ಅವನು, ಈಚೆ ನಿಂತದ್ದು ಇದೇ ಮೊದಲು. ಅವಳೂ ಹಿಂತಿರುಗಿ ನೋಡಲಿಲ್ಲ. ಬಹುಶಃ ಹೆದರಿಕೆಗಿರಬೇಕು.

ಅವನು ಮನೆಗೆ ಹೋಗಲಿಲ್ಲ. ಕಾಫಿ ಅಂಗಡಿಯ ಮೂಲೆಯಲ್ಲಿ ಕೂತು ಫೋನಿನಲ್ಲಿ ಅವಳ ವಿಮಾನದ ಪುಟ್ಟ ಗುರುತು ಬಹಿಯಾದ ಮೇಲೆ ಹರಿಯುವುದನ್ನು ನೋಡುತ್ತಿದ್ದ. ಆಗ ಸೆತೂಬಲ್‌ನಿಂದ ಕರೆ ಬಂತು. ಎರ್ಮೀನಿಯಾ ಮುದುಕಿ ತಾನೇ ಮಾಡಿದ್ದಳು, ಅಳುತ್ತಾ, ಉಸಿರು ಹಿಡಿಯುತ್ತಾ. ಜೊರಾಯ್ಡಿ ಅಲ್ಲಿಯ ಮಧ್ಯಾಹ್ನ ಹೋದಳು. ಬೆಳಿಗ್ಗೆ ಕೂಡ ಎಚ್ಚರವಿತ್ತು. ಗುರುವಾರದವರೆಗೂ ಚೆನ್ನಾಗಿ ಮಾತಾಡುತ್ತಿದ್ದಳು, ತಂಗಿ ಬಂದರೆ ಈ ಕೋಣೆಯಲ್ಲಿ ಮಲಗಿಸೋಣ ಅಂತ ಹಾಸಿಗೆ ಕೂಡ ಹಾಸಿಸಿದ್ದಳು.

ಗುರುವಾರದವರೆಗೂ ಮಾತಾಡುತ್ತಿದ್ದಳು. ಆ ಮಾತನ್ನು ಜೆನಿವಾಲ್ಡೊ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡ. ಆ ಮೊದಲ ಸೋಮವಾರ ಟಿಕೆಟು ಮಾಡಿದ್ದರೆ ಲಿಂದೌರಾ ಆ ವಾರದೊಳಗೇ ಅಲ್ಲಿರುತ್ತಿದ್ದಳು. ಅಕ್ಕನ ಪಕ್ಕ ಕೂತು ಬೇಕಾದಷ್ಟು ಮಾತಾಡುತ್ತಿದ್ದಳು, ಗೋಯಬಾದ ತಿನ್ನಿಸುತ್ತಿದ್ದಳು. ಇವನ ಲೆಕ್ಕವೆಲ್ಲ ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಕೂಡಿ ಬಂತು, ಆದರೆ ಕೂಡಿದ್ದು ಇದು.

ರೆಸಿಫೆಯಲ್ಲಿ ಇಳಿದವಳು ಕರೆ ಮಾಡಿದಳು. ಅವಳ ದನಿಯೇ ಬೇರೆ.

"ಜೆನಿ, ಇಳಿದೆ. ಎಡಕ್ಕೇ ಬಂದೆ. ನನಗೆ ಹೆದರಿಕೆ ಆಗ್ಲೇ ಇಲ್ಲ ಗೊತ್ತಾ? ಕಿಟಕಿ ಹತ್ರ ಒಬ್ಬ ಹುಡುಗ ಕೂತಿದ್ದ, ನಾನು ಇಣುಕೋದು ನೋಡಿ ಸೀಟು ಬಿಟ್ಕೊಟ್ಟ. ಮೋಡ ಎಲ್ಲ ಕೆಳಗಿತ್ತು, ಅರಳೆ ಕಿತ್ತು ಹರಡಿದ ಹಾಗೆ. ನದಿ ಕಾಣ್ತು. ಇಷ್ಟು ಚೆಂದ ಇರತ್ತೆ ಅಂತ ನೀನು ಒಂದು ದಿನಾನೂ ಹೇಳ್ಲಿಲ್ವಲ್ಲೋ."

ಅವನು ಬಾಯಿ ತೆರೆದ.

"ಅಕ್ಕನ್ನ ಏನಾದ್ರೂ ವಿಚಾರಿಸಿದ್ಯಾ?" ಅಂದಳು. "ನನ್ನ ಫೋನ್ ಎತ್ತಲಿಲ್ಲ. ಮಲಗಿರ್ಬೇಕು."

ಈಗ ಹೇಳಬೇಕು ಅಂತ ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಅವನೂ ಆಮೇಲೆ ಯಾವತ್ತೂ ಅನ್ನಲಿಲ್ಲ. ಆದರೆ ಒಬ್ಬಳೇ, ಗುರುತಿಲ್ಲದ ನಿಲ್ದಾಣ, ಮುಂದೆ ಅಷ್ಟು ಉದ್ದದ ಸಮುದ್ರ. ಹೇಳಿದರೆ ಅಲ್ಲೇ ಕುಸಿದು ಕೂತರೆ? ಲಿಸ್ಬನ್ ತಲುಪಲಿ, ನಾಳೆ ಬೆಳಿಗ್ಗೆ ಹೇಳಿದರಾಯಿತು. ನಾಳೆಗೆ ಎಲ್ಲವೂ ಸ್ವಲ್ಪ ಸರಿಯಿರುತ್ತದೆ. ಜೀವನವಿಡೀ ಅವನು ಹಾಗೇ ಯೋಚಿಸಿದವನು. ಬೇರೆ ಥರ ಯೋಚಿಸುವುದು ಅವನಿಗೆ ಬರುತ್ತಲೂ ಇರಲಿಲ್ಲ.

"ಮಲಗಿರ್ಬೇಕು," ಅಂದ. "ನೀನು ಹೋಗು. ಹೊತ್ತಾಯ್ತು."

"ಹೂಂ. ನನ್ನ ಕಾಲು ಊದಿಲ್ಲ ನೋಡು," ಅಂದು ನಕ್ಕು ಫೋನಿಟ್ಟಳು.

ಆ ಪುಟ್ಟ ಗುರುತು ಸಮುದ್ರ ದಾಟುವಷ್ಟು ಹೊತ್ತೂ ಅವನು ಅಲ್ಲೇ ಕೂತಿದ್ದ. ಏನು ಹೇಳುವುದು, ಯಾವ ಮಾತಿನಿಂದ ಶುರುಮಾಡುವುದು ಅಂತ ಬಾಯಲ್ಲಿ ತಿರುವಿ ತಿರುವಿ ನೋಡಿದ. ಬೆಳಗಾಯಿತು. ವಿಮಾನ ಇಳಿಯಿತು ಅಂತ ಫೋನು ಹೇಳಿತು. ಅವನು ಕರೆ ಮಾಡಿದ, ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಆ ದಿನವೆಲ್ಲ ಮಾಡಿದ. ಸಂಜೆಗೆ ಅವಳೇ ಮಾಡಿದಳು. ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಎರ್ಮೀನಿಯಾ ಅಮ್ಮ ಹೇಳಿದ್ರು," ಅಂದಳು. "ನಿನಗೆ ಫೋನ್ ಮಾಡಿದ್ರಂತೆ, ನಾನು ರೆಸಿಫೆಗೆ ಬರೋಕೆ ಮುಂಚೆ."

"ಲಿಂದಾ..."

"ಗೊತ್ತಿತ್ತು ನಿನಗೆ."

"ಗೊತ್ತಿತ್ತು. ನೀನು ಒಬ್ಳೇ ಇದ್ದೆ, ಅದಕ್ಕೆ..."

"ನಾನು ಆ ವಿಮಾನದಲ್ಲಿ ಸಮುದ್ರದುದ್ದಕ್ಕೂ ಅವಳ ಜೊತೆ ಮಾತಾಡ್ಕೊಂಡು ಬಂದೆ. ಮೊದಲು ಏನ್ ಹೇಳ್ಬೇಕು, ಆಮೇಲೆ ಏನ್ ಹೇಳ್ಬೇಕು ಅಂತ. ಪಕ್ಕದೋರು ನೋಡಿ ನಕ್ರು." ಪಾತ್ರೆಗೆ ಸೌಟು ತಾಗಿದ ಸದ್ದಾಯಿತು. "ಇಷ್ಟೆಲ್ಲ ಆದ್ಮೇಲೂ ಮತ್ತೆ ನನ್ನನ್ನ ಕಾಯಿಸ್ದೆಯಲ್ಲ."

ಅವನು ಅಳುತ್ತಿದ್ದ. ಅವಳಿಗೆ ಕೇಳಿಸಿರಬೇಕು, ಆದರೆ ಸಮಾಧಾನ ಮಾಡಲಿಲ್ಲ.

"ಮಣ್ಣು ಮಂಗಳವಾರ," ಅಂದಳು. "ಬಟ್ಟೆ ಉಡಿಸೋಕೆ, ತಲೆ ಬಾಚೋಕೆ ನಾನು ಬಂದೆ, ಅಷ್ಟಾದ್ರೂ ಆಯ್ತು. ಗೋಯಬಾದ ಅಮ್ಮಂಗೆ ಕೊಟ್ಟೆ, ತಿಂದ್ರು."

"ಬರೋ ಟಿಕೆಟಿಗೆ ನಾನು ಏನಾದ್ರೂ ಮಾಡ್ತೀನಿ. ಕಾರು ಮಾರ್ತೀನಿ. ಈ ವಾರಾನೇ."

"ಬೇಡ ಬಿಡು. ಈ ಅಮ್ಮಂಗೆ ಯಾರೂ ಇಲ್ಲ. ಎದ್ದು ನಿಲ್ಲೋಕೂ ಕೈ ಹಿಡೀಬೇಕು. ಅಕ್ಕನ ಕೋಣೆ ಖಾಲಿ ಇದೆ. ನಾನು ಇಲ್ಲೇ ಇರ್ತೀನಿ."

"ಎಲ್ಲಿವರೆಗೆ?"

ದೂರದಲ್ಲಿ ಒಂದು ಮುದುಕಿಯ ದನಿ ಸೂಪು ಆಯ್ತೇನಮ್ಮಾ ಅಂತ ಕೇಳಿತು. ಬಂದೆ ಅಮ್ಮಾ, ಅಂದಳು ಲಿಂದೌರಾ. ಆಮೇಲೆ ಇವನಿಗೆ, "ಹೇಳ್ತೀನಿ. ಕಾಯ್ತಿರು," ಅಂದು ಫೋನಿಟ್ಟಳು.

ಸೋಮವಾರ ಅವನು ಬೊವಾ ವಿಸ್ತಾಕ್ಕೆ ಹೋಗಬೇಕಿತ್ತು, ಹೋದ. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟು ಹೋದ. ಎರಡು ಚಳಿಗಾಲ ಕಳೆದವು, ಬಟ್ಟೆ ಇನ್ನೂ ಹಾಗೇ ಇದೆ.